ಮೋಟಾರು ರೂಮಿನ ಮೇಕಪ್ ಪೆಟ್ಟಿಗೆ

ಇನ್ನೊಬ್ಬರ ಬಾಚಣಿಗೆ ಕಂಡರೆ ಸಾಕು, ಕವಿತಳಿಗೆ ಹೊಟ್ಟೆ ತೊಳಸುತ್ತಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕೂದಲು, ಬುಡದಲ್ಲಿ ಮೆತ್ತಿದ ಎಣ್ಣೆ ಜಿಡ್ಡು, ಅದನ್ನೇ ಮನೆಮಂದಿಯೆಲ್ಲ ತಲೆಗೆ ಎಳೆದುಕೊಳ್ಳುವುದು, ಥೂ! ಗೌರಿಬಿದನೂರಿನ ತವರಿನಲ್ಲಿ ಚಿಕ್ಕಮ್ಮ, ಅತ್ತಿಗೆ, ಅಕ್ಕ ಎಲ್ಲ ಸೇರಿ ಒಂದೇ ಲಿಪ್‌ಸ್ಟಿಕ್ಕನ್ನು ಸರದಿಯ ಮೇಲೆ ತುಟಿಗೆ ಉಜ್ಜಿಕೊಳ್ಳುವುದನ್ನು ನೋಡಿ ಅವಳು ಹೀಗಾದಳೋ, ಹುಟ್ಟುವಾಗಲೇ ಹೀಗಿದ್ದಳೋ ಗೊತ್ತಿಲ್ಲ. ಬ್ಯೂಟಿಷಿಯನ್ ಕೋರ್ಸು ಮುಗಿಸಿ ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡಲು ಹೊರಟ ಮೇಲಂತೂ ಈ ಅಸಹ್ಯವೇ ಅವಳಿಗೆ ಅನ್ನ ಹಾಕಿತು.

ಅವಳ ಪೆಟ್ಟಿಗೆ ನೋಡಬೇಕಿತ್ತು ನೀವು. ಲಿಪ್‌ಸ್ಟಿಕ್ಕುಗಳೆಲ್ಲ ತಲೆಕೆಳಗಾಗಿ ನಿಂತಿರುತ್ತಿದ್ದವು, ಬಣ್ಣದ ಚೀಟಿ ಮೇಲಕ್ಕೆ ಕಾಣುವಂತೆ. ಕ್ರೀಮಿನ ಡಬ್ಬಿಗೆ ಬೆರಳು ಅದ್ದುವುದೆಂದರೆ ಮಹಾಪರಾಧ, ಅದಕ್ಕೆ ಬೇರೆಯೇ ಪುಟ್ಟ ಚಮಚ. ಪೌಡರುಗಳಿಗೆ ಒಂದು ಡಬ್ಬಿ, ಕಣ್ಣಿನ ಸಾಮಾನಿಗೆ ಒಂದು, ಎಲ್ಲಕ್ಕೂ ಬಿಗಿ ಮುಚ್ಚಳ. ಒಬ್ಬಳ ಮುಖ ಮುಗಿದ ಕೂಡಲೇ ಬ್ರಶ್ಶುಗಳನ್ನು ಶಾಂಪೂ ಹಾಕಿ ತೊಳೆದು, ನೆರಳಲ್ಲಿ ಒಣಗಿಸಿ, ಸೆಂಟಿನ ವಾಸನೆಯ ಸ್ಪಿರಿಟ್ ಸಿಂಪಡಿಸಿ, ಬಿಳಿ ಬಟ್ಟೆಯ ಚೀಲದಲ್ಲಿ ಸುತ್ತಿಡುತ್ತಿದ್ದಳು. ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೇರೆ ಮೇಕಪ್‌ನವರಿಗಿಂತ ಇವಳನ್ನು ಜನ ಹುಡುಕಿಕೊಂಡು ಬರುತ್ತಿದ್ದರೆಂದರೆ ಅದು ಕೈಚಳಕಕ್ಕಲ್ಲ. ಕವಿತನ ಬ್ರಶ್ಶಿಂದ ಮುಖಕ್ಕೆ ಒಂದು ಗುಳ್ಳೆಯೂ ಏಳುವುದಿಲ್ಲ ಅನ್ನುವ ಮಾತಿಗೆ.

ಇಂಥವಳು ಬಂದು ಸೇರಿದ್ದು ಎಲ್ಲಿಗೆ ಅಂತೀರಿ? ಮೇಲೂರಿನ ಹುಳು ಸಾಕುವ ಮನೆಗೆ! ಅತ್ತೆ ಚಿಕ್ಕವೆಂಕಟಮ್ಮ ರೇಷ್ಮೆ ಮೊಟ್ಟೆ ತಂದು ಮರಿ ಮಾಡಿಸಿ, ಎರಡು ಜ್ವರ ಕಳೆಯುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಎಳೆಯ ಸೊಪ್ಪು ಹಾಕಿ ಸಾಕಿ, ಸುತ್ತಲ ರೈತರಿಗೆ ಮಾರುತ್ತಿದ್ದಳು. ಚಾಕಿ ಸಾಕಣೆ ಅನ್ನುತ್ತಾರಲ್ಲ, ಅದು. ಹಸುಗೂಸಿಗೂ ಅಷ್ಟು ಕಟ್ಟುನಿಟ್ಟು ಇರುವುದಿಲ್ಲ. ಹುಳುವಿನ ಕೋಣೆಯ ಹತ್ತಿರ ಊದುಬತ್ತಿ ಹಚ್ಚಬಾರದು, ಸೊಳ್ಳೆ ಬತ್ತಿ ಕೂಡದು, ಬೀಡಿ ಸೇದಿದವರು ಒಳಗೆ ಕಾಲಿಡಬಾರದು. ಸೊಸೆಗೆ ಹುಳು ಕಂಡರೆ ಮೈ ಜುಂ ಅನ್ನುತ್ತಿತ್ತು, ಅತ್ತೆಗೆ ಸೊಸೆಯ ಬಣ್ಣದ ಡಬ್ಬಿಗಳನ್ನು ಕಂಡರೆ ಓಕರಿಕೆ. ಆದರೂ ಮಲಗುವ ಕೋಣೆಯ ಬೀರುವಿನಲ್ಲಿ ಒಂದು ಅರೆ ಬಿಟ್ಟುಕೊಟ್ಟಿದ್ದಳು. ಮುಚ್ಚಿದ ಡಬ್ಬಿ ಮನೆಯೊಳಗೆ ಬಿಚ್ಚಬಾರದು ಅನ್ನುವುದು ಕರಾರು. ಕವಿತ ಒಂದು ದಿನವೂ ಅದನ್ನು ಮೀರಿರಲಿಲ್ಲ.

ಹೋದ ಬೆಳೆಯಲ್ಲಿ ಎಲ್ಲ ಕೆಟ್ಟಿತು. ಮೊಟ್ಟೆಯಿಂದ ಎದ್ದ ಮರಿಗಳು ಮಾರನೆಯ ದಿನವೇ ಸೊಪ್ಪು ಮುಟ್ಟದೆ ಮುರುಟಿಕೊಂಡವು. ಅತ್ತೆ ತಟ್ಟೆಗಟ್ಟಲೆ ಹುಳುವನ್ನು ಗುಂಡಿಗೆ ಸುರಿದು ಬಂದು ಬೀರುವಿನ ಬಾಗಿಲು ತೆಗೆದಳು. ಈ ಸೆಂಟಿನ ಗಬ್ಬೇ ತನ್ನ ಹುಳುವನ್ನು ತಿಂದಿತು ಎಂದಳು. ಅಕ್ಕಪಕ್ಕದವರ ಎದುರಿಗೇ ಹುಳು ತಿಂದವಳು ಅಂದಳು, ಮನೆಗೆ ಕಾಲಿಟ್ಟ ದರಿದ್ರ ಅಂದಳು. ಡಬ್ಬಿಗಳೆಲ್ಲ ಆವತ್ತೇ ಟ್ರಂಕಿಗೆ ತುಂಬಿ ತೋಟದ ಮೋಟಾರು ರೂಮಿಗೆ ಹೋದವು. ಕವಿತಳ ಗಂಡ ಹರಿಕೃಷ್ಣ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಟ್ರಂಕನ್ನು ಮಾತ್ರ ಬೈಕಿನ ಮೇಲೆ ತಾನೇ ಹೊತ್ತೊಯ್ದು ಇಟ್ಟು ಬಂದ.

ಆ ಮೋಟಾರು ರೂಮೋ, ದೇವರೇ! ಬೋರ್ಡಿನ ಹಿಂದೆ ಹಲ್ಲಿ ಸಂಸಾರ ಹೂಡಿತ್ತು. ಟ್ರಂಕಿನ ಮುಚ್ಚಳದ ಮೇಲೆ ದಿನಾ ಬೆಳಗ್ಗೆ ಅದರ ಹಿಕ್ಕೆ. ಆಯಿಲ್ ನಾತ, ತೇವಕ್ಕೆ ಬೂಸು ಹಿಡಿದ ಗೋಡೆ, ಮೂಲೆಯಲ್ಲಿ ಯಾರೋ ಉಗಿದ ಎಲೆಅಡಿಕೆಯ ಕಲೆ. ಒಂದು ಸಲ ಬಟ್ಟೆಯ ಮಡಿಕೆಯಲ್ಲಿ ಜಿರಳೆಯ ಮೊಟ್ಟೆ ಸಿಕ್ಕಿ ಕವಿತ ಅಲ್ಲೇ ತೊಟ್ಟಿಯ ಪಕ್ಕ ವಾಂತಿ ಮಾಡಿಕೊಂಡಿದ್ದಳು. ಆದರೂ ಬಿಡಲಿಲ್ಲ. ಹಲಗೆ ಹೊಡೆಸಿ ಟ್ರಂಕನ್ನು ನೆಲದಿಂದ ಮೇಲಿಟ್ಟಳು, ಡಬ್ಬಿಗಳಿಗೆ ಟೇಪು ಸುತ್ತಿದಳು, ಒಳಗೆ ಬೇವಿನ ಸೊಪ್ಪು ಹರಡಿದಳು. ಬಿಸಿಲಿಗೆ ಲಿಪ್‌ಸ್ಟಿಕ್ಕು ಕರಗಿ ಒಂದಕ್ಕೊಂದು ಅಂಟಿದಾಗ ಕೂತು ಅತ್ತಳು. ಆ ಕೋಣೆ ಮುಚ್ಚಿದರೂ ಬೀಗ ಇರಲಿಲ್ಲ.

ಅತ್ತೆಯದು ಒಂದೇ ಮಾತು. ಈ ಸಲದ ಮರಿ ಚೆನ್ನಾಗಿ ಎದ್ದರೆ ಅರೆಯ ವಿಚಾರ ನೋಡೋಣ, ಇಲ್ಲದಿದ್ದರೆ ಈ ಕಸುಬೇ ಬೇಡ, ಎಲ್ಲ ಬಿಟ್ಟು ಸೊಪ್ಪು ಕುಯ್ಯಲು ಬಾ. ಹಾಗಾಗಿ ಹುಳು ಕಂಡರೆ ಮಾರು ದೂರ ಓಡುತ್ತಿದ್ದ ಕವಿತ ಈ ಸಲ ಅತ್ತೆಗಿಂತ ಹೆಚ್ಚಾಗಿ ಹುಳುವನ್ನು ಹರಸುತ್ತಿದ್ದಳು. ಮರಿ ಎದ್ದವು ಎಂದು ಗೊತ್ತಾದ ದಿನ, ವಾಸನೆ ತಾಗೀತೆಂದು ತಲೆಗೆ ಹೂ ಸಹ ಮುಡಿಯಲಿಲ್ಲ. ಅತ್ತೆಗೆ ಕಣ್ಣು ಮಂಜಾದ ಮೇಲೆ ಮೊಟ್ಟೆ ಹಾಳೆಯಿಂದ ಮರಿಗಳನ್ನು ತಟ್ಟೆಗೆ ಇಳಿಸುವ ಕೆಲಸ ಹರಿಕೃಷ್ಣನದು. ಅವನು ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಮುಗಿಸಿ ಬಂದ.

ಮಾರನೆಯ ದಿನ ಶಿಡ್ಲಘಟ್ಟದಲ್ಲಿ ಮದುವೆ. ರೇಷ್ಮೆ ಗೂಡಿನಿಂದ ನೂಲು ಬಿಚ್ಚಾಣಿಕೆ ಮಾಡುವ ಮನೆಯ ಜಬೀನ್ ತನ್ನ ಮಗಳು ಆರ್ಜೂಗೆ ಕವಿತನೇ ಬೇಕೆಂದು ಹಟ ಹಿಡಿದು ಕರೆಸಿದ್ದಳು. ಕೋಣೆ ತುಂಬ ಹೆಂಗಸರು. ಕವಿತ ಕೈ ತೊಳೆದು ಬಟ್ಟೆಯ ಚೀಲ ಬಿಚ್ಚಿ ಕೂತಳು. ಕ್ರೀಮು, ಫೌಂಡೇಶನ್ನು ಎಲ್ಲ ಸರಾಗ ಆಯಿತು. ಮಾತಾಡುತ್ತಲೇ ದಟ್ಟ ಕಪ್ಪು ಕೂದಲಿನ ದೊಡ್ಡ ಪೌಡರ್ ಬ್ರಶ್ಶು ತೆಗೆದು ಹುಡುಗಿಯ ಕೆನ್ನೆಯ ಮೇಲೆ ಆಡಿಸಿದಳು. ಬಲಗೆನ್ನೆಯ ಮೇಲೆ ಎಳ್ಳಿನ ಸಿಪ್ಪೆಯಂಥದೇನೋ ಉಳಿಯಿತು. ಬ್ರಶ್ಶಿನ ಕೂದಲು ಉದುರಿತೆಂದು ಉಗುರಿನಿಂದ ಎತ್ತಲು ಹೋದರೆ ಅದು ತಲೆ ಎತ್ತಿತು.

ಹುಳು. ಹಿಂದಿನ ದಿನವಷ್ಟೇ ಮೊಟ್ಟೆಯಿಂದ ಎದ್ದ ರೇಷ್ಮೆ ಮರಿ. ಪಕ್ಕದಲ್ಲೇ ಇನ್ನೆರಡು, ಸತ್ತವು, ಫೌಂಡೇಶನ್ನಿನಲ್ಲಿ ಅಂಟಿಕೊಂಡು ಹಸಿರು ಕಪ್ಪಗೆ ಎಳೆದುಹೋಗಿದ್ದವು. ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು, ನಂಬಿಕೆಯಿಂದ ಮುಖ ಎತ್ತಿಕೊಟ್ಟು. ಕವಿತ ಉಗುರಿನ ತುದಿಯಲ್ಲಿ ಮೂರನ್ನೂ ಎತ್ತಿ ತನ್ನ ಸೀರೆ ಸೆರಗಿಗೇ ಒರೆಸಿಕೊಂಡಳು, ಕೆನ್ನೆಯನ್ನು ಪೂರ್ತಿ ಒರೆಸಿ ತೆಗೆದಳು, ಹೊಸ ಸ್ಪಂಜು ಬಿಚ್ಚಿ ಮೊದಲಿಂದ ಶುರು ಮಾಡಿದಳು. ಯಾಕೆಂದು ಜಬೀನ್ ಕೇಳಿದ್ದಕ್ಕೆ, ಬೆವರು ಬಂದಿತ್ತು, ನಿಲ್ಲುವುದಿಲ್ಲ ಎಂದಳು. ಜಬೀನ್ ಹೆಮ್ಮೆಯಿಂದ ನೆಂಟರ ಕಡೆ ತಿರುಗಿ, ಒಂದು ಹನಿ ಬೆವರಿಗೂ ಎಲ್ಲ ಒರೆಸಿ ಮತ್ತೆ ಮಾಡುತ್ತಾಳೆ, ಅಷ್ಟು ಶುದ್ಧ ಇವಳದು ಎಂದು ಹೊಗಳಿದಳು. ಆ ಹೊಗಳಿಕೆ ಕವಿತಳಿಗೆ ಹುಳುವಿಗಿಂತ ಹೇಸಿಗೆ ಅನಿಸಿತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳುಗಳನ್ನು ಒಂದಕ್ಕೊಂದು ತಾಗಿಸದೆ ಹಿಡಿದು ಕೂತಿದ್ದಳು. ಮೋಟಾರು ರೂಮಿಗೆ ಹುಳು ತಾನಾಗಿ ನಡೆದು ಹೋಗುವುದಿಲ್ಲ. ಯಾರು ಎಂದು ಯೋಚಿಸಿದಷ್ಟೂ ಅತ್ತೆಯ ಮುಖ ಒಂದೇ ಎದುರಿಗೆ ಬರುತ್ತಿತ್ತು.

ಮನೆಗೆ ಬಂದರೆ ಚಿಕ್ಕವೆಂಕಟಮ್ಮ ಹುಳುವಿನ ತಟ್ಟೆ ಮುಂದಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದಳು. ಎಳೆ ಸೊಪ್ಪು ಹಾಕಿದ್ದು ಹಾಕಿದ ಹಾಗೇ ಬಾಡಿತ್ತು, ಮರಿಗಳು ಮುರುಟಿದ್ದವು. ಮತ್ತೆ ಅದೇ. ಹರಿಕೃಷ್ಣ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದ. ಸೊಸೆಯನ್ನು ಕಂಡದ್ದೇ ಅತ್ತೆ ಬಾಯಿ ಬಿಟ್ಟಳು, ಏನೇನು ಅನ್ನಬಾರದೋ ಅದೆಲ್ಲ ಬಂತು. ಕವಿತ ಬ್ರಶ್ಶನ್ನು ತಂದು ಜಗುಲಿಯ ಕಲ್ಲಿನ ಮೇಲೆ ಬಡಿದಳು. ಕಪ್ಪು ಮರಿಗಳು ಉದುರಿದವು.

ಚಿಕ್ಕವೆಂಕಟಮ್ಮ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಬೆರಳಲ್ಲಿ ಒಂದನ್ನು ಎತ್ತಿಕೊಂಡಳು. ಬ್ರಶ್ಶನ್ನು ಮೂಸಿ ಮುಖ ಕಿವುಚಿದಳು. ಕೋಪ ನೆತ್ತಿಗೇರಿದರೆ ಅವಳ ಬಾಯಲ್ಲಿ ತೆಲುಗು ಬರುವುದು.

"ಏಮಿರಾ ಇದಿ?" ಎಂದು ಮಗನನ್ನು ಕೇಳಿದಳು.

ಮರಿ ಇಳಿಸಲು ಪ್ರತಿ ಬೆಳೆಗೂ ಹೊಸ ಕೋಳಿ ಪುಕ್ಕ ಆಗಬೇಕು. ಕ್ರಾಸಿನ ಕೋಳಿ ಅಂಗಡಿಯ ಹಿಂದಿನ ರಾಶಿಯಿಂದ ಆರಿಸಿ ತಂದು, ಬಿಸಿನೀರಲ್ಲಿ ತೊಳೆದು ಒಣಗಿಸಿ ಇಟ್ಟುಕೊಳ್ಳಬೇಕು. ಅದು ಹರಿಕೃಷ್ಣನಿಗೆ ಒಪ್ಪಿಸಿದ ಕೆಲಸ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ನೆಲ ನೋಡುತ್ತ ಹೇಳಿದ.

"ಆ ರಾಶಿ ಹತ್ರ ಹೋದ್ರೆ ನಂಗೆ ವಾಂತಿ ಬರ್ತದಮ್ಮ. ರಕ್ತ, ಕರುಳು, ನೊಣ. ಈ ಬ್ರಶ್ಶು ಮೆತ್ತಗಿತ್ತು, ಇದ್ರಲ್ಲೇ ಮರಿ ಇಳಿಸ್ದೆ. ಕೆಲ್ಸ ಆದ್ಮೇಲೆ ಪಂಚೇಲಿ ಒರೆಸಿ ಅಲ್ಲೇ ಇಟ್ಟಿದ್ದೆ."

"ಹೋದ ಸಲಾನೂ?" ಎಂದಳು ಕವಿತ.

ತಾಯಿ ಮತ್ತೊಮ್ಮೆ ಕೇಳಿದ ಮೇಲೆ ಹೂಂ ಅಂದ.

ಅಂದರೆ ಹೋದ ಸಲ ಬೀರುವಿನ ಅರೆಯಿಂದಲೇ ತೆಗೆದುಕೊಂಡು ಹೋಗಿದ್ದ. ಸ್ಪಿರಿಟ್ ಸಿಂಪಡಿಸಿಟ್ಟ ಬ್ರಶ್ಶಿನಿಂದ ಹಸಿ ಮರಿಗಳನ್ನು ಗುಡಿಸಿ ಕೊಂದಿದ್ದ. ಊರೆದುರು ಹೆಂಡತಿ ಹುಳು ತಿಂದವಳು ಅನ್ನಿಸಿಕೊಳ್ಳುವಾಗ ಮುದ್ದೆ ಮುರಿಯುತ್ತ ಕೂತಿದ್ದ. ಅವಳು ಜಿರಳೆ ಮೊಟ್ಟೆ ಕಂಡು ವಾಂತಿ ಮಾಡಿಕೊಂಡು ಬಂದ ದಿನ ಬೆನ್ನು ನೀವಿದ್ದನಲ್ಲ, ಅದೇ ಕೈ! ಕವಿತಳಿಗೆ ಆ ಬೆನ್ನನ್ನು ಈಗ ಸೀಗೆಪುಡಿ ಹಾಕಿ ಉಜ್ಜಬೇಕೆನಿಸಿತು. ಹಲ್ಲಿಯ ಹಿಕ್ಕೆ, ಬೂಸು, ಹುಳು, ಯಾವುದೂ ಇಷ್ಟು ಅಸಹ್ಯ ಹುಟ್ಟಿಸಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮನೆಯಲ್ಲಿ ರಂಪ ಯಾಕೆಂದು ಸುಮ್ಮನಿದ್ದೆ, ಹೇಳಿದ್ದರೆ ಇಬ್ಬರೂ ನನ್ನ ಮೇಲೇ ಬೀಳುತ್ತಿದ್ದಿರಿ ಎಂದು ಅವನು ಗೊಣಗಿದ. ಹತ್ತಿರ ಬಂದು ತೋಳು ಹಿಡಿಯಲು ನೋಡಿದ. ಮುಟ್ಟಬೇಡಿ ಎಂದು ಕವಿತ ಎರಡು ಹೆಜ್ಜೆ ಹಿಂದೆ ಸರಿದಳು.

ತಪ್ಪಾಯಿತು ಅನ್ನುವ ಜಾಯಮಾನ ಚಿಕ್ಕವೆಂಕಟಮ್ಮನದಲ್ಲ, ಅನ್ನಲೂ ಇಲ್ಲ. ಟ್ರಂಕನ್ನು ಇವತ್ತೇ ಮನೆಗೆ ತಂದುಕೋ, ಬೀರುವಿಗೆ ಬೀಗ ಹಾಕಿಸಿ ಕೀಲಿ ನೀನೇ ಇಟ್ಟುಕೋ ಎಂದಳು ಸೊಸೆಗೆ. ಮಗನ ಕಡೆ ನೋಡದೆ, ಇನ್ನು ಮೇಲೆ ಹುಳುವಿನ ಕೋಣೆಗೆ ಕಾಲಿಡಬೇಡ ಎಂದಳು. ಕವಿತ ಇಷ್ಟು ದಿನ ಕಾದಿದ್ದು ಇದೇ ಮಾತಿಗೆ. ಈಗ ಸಿಕ್ಕಿತು, ಗೆದ್ದೆ ಅನ್ನಿಸಿತು. ಗಂಡನ ಮುಖ ನೋಡಿದಳು, ಥೂ ಅಂದುಕೊಂಡಳು.

ಅತ್ತೆ ತಟ್ಟೆ ಎತ್ತಿಕೊಂಡು ಗುಂಡಿಯ ಕಡೆ ಹೊರಟವಳು ನಿಂತಳು.

"ಮದ್ವೆ ಮನೇಲಿ ಏನಂದ್ರಮ್ಮ?"

"ಅವ್ರಿಗೆ ಗೊತ್ತಾಗಲಿಲ್ಲ ಅತ್ತೆ. ಒರೆಸಿಬಿಟ್ಟೆ."

"ನೀನು ಹೇಳ್ಲಿಲ್ವಾ?"

"ಇಲ್ಲ. ಬೆವರು ಅಂದೆ."

ಚಿಕ್ಕವೆಂಕಟಮ್ಮ ಒಮ್ಮೆ ಮಗನನ್ನು ನೋಡಿದಳು, ಒಮ್ಮೆ ಸೊಸೆಯನ್ನು. ಅವಳ ದನಿಯಲ್ಲಿ ಕೋಪ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ.

"ಅವನಂಗೇ ನೀನೂ ಅನ್ನು," ಎಂದು ಹೇಳಿ ಗುಂಡಿಗೆ ಹೋದಳು.

ಕವಿತ ನಿಂತಲ್ಲೇ ನಿಂತಳು. ಅಲ್ಲ, ಇವನದೂ ನನ್ನದೂ ಒಂದೇನಾ ಎಂದು ಮನಸ್ಸಿನಲ್ಲೇ ಜಗಳಕ್ಕೆ ಬಿದ್ದಳು. ನಾನು ತಪ್ಪು ಮಾಡಿದವಳಲ್ಲ, ಹೇಳಿದ್ದರೆ ಹೆಣ್ಣಿನ ಮದುವೆ ಹಾಳಾಗುತ್ತಿತ್ತು, ನನ್ನ ಹೆಸರು ಹೋಗುತ್ತಿತ್ತು. ಒಂದೊಂದು ನೆಪವೂ ಸರಿಯಾಗಿಯೇ ಇತ್ತು, ಗಂಡ ಈಗಷ್ಟೇ ಹೇಳಿದ ನೆಪದಷ್ಟೇ ಸರಿಯಾಗಿ. ಮುಖ ಎತ್ತಿಕೊಟ್ಟು ಕೂತಿದ್ದ ಆ ಹುಡುಗಿಯ ಮುಚ್ಚಿದ ಕಣ್ಣು ನೆನಪಾಯಿತು. ಅವಳಿಗೆ ತನ್ನ ಬಾಯಿಯೇ ಕಹಿಯಾಯಿತು.

ಫೋನು ತೆಗೆದಳು. ಏನು ಮಾಡುತ್ತಿದ್ದಾಳೆಂದು ಹೊಳೆದು ಹರಿಕೃಷ್ಣ ಬೇಡ ಬೇಡ ಎಂದು ಕೈ ಆಡಿಸಿದ. ಯಾರಿಗೂ ಗೊತ್ತಿಲ್ಲವಲ್ಲ, ಸುಮ್ಮನೆ ಯಾಕೆ ಕಾಲ ಮೇಲೆ ಕಲ್ಲು ಎಳೆದುಕೊಳ್ಳುತ್ತೀಯ ಎಂದ. ಕವಿತ ಅವನಿಗೆ ಬೆನ್ನು ತಿರುಗಿಸಿದಳು.

ಜಬೀನ್ ಮೊದಲ ರಿಂಗಿಗೇ ಎತ್ತಿದಳು. ಖುಷಿಯಲ್ಲಿದ್ದಳು. ಮುಖ ಇನ್ನೂ ಹಾಗೇ ಹೊಳೆಯುತ್ತಿದೆ, ನೆಂಟರೆಲ್ಲ ನಂಬರು ಕೇಳುತ್ತಿದ್ದಾರೆ, ಚಿಂತಾಮಣಿಯವರು ನಿನ್ನನ್ನೇ ಕರೆಸುತ್ತಾರಂತೆ ಎಂದು ಒಂದೇ ಉಸಿರಿಗೆ ಹೇಳಿದಳು. ಕವಿತ ಅವಳ ಮಾತು ಮುಗಿಯುವವರೆಗೆ ಕಾದಳು.

"ಜಬೀನಮ್ಮ, ಆ ಹೊತ್ತು ಒರೆಸಿದ್ದು ಬೆವರಲ್ಲ. ನನ್ನ ಬ್ರಶ್ಶಲ್ಲಿ ಹುಳ ಇತ್ತು. ಆರ್ಜೂ ಕೆನ್ನೆ ಮೇಲೆ ಬಿತ್ತು. ನಾನು ಮುಚ್ಚಿಟ್ಟೆ."

ಆ ಕಡೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ, ಯಾರೋ ನಗುವುದು ಎಲ್ಲ ಕೇಳುತ್ತಲೇ ಇತ್ತು. ಜಬೀನ್ ಮಾತ್ರ ಮಾತಾಡಲಿಲ್ಲ. ಕವಿತ ಫೋನು ಇಡಲಿಲ್ಲ.