ಪೆಲೆಯ ಹೆಸರು ಬರೆಯದ ಬಾಲಸುಬ್ರಹ್ಮಣ್ಯ

ಬಾಲಸುಬ್ರಹ್ಮಣ್ಯ ಯಾರ ಮನೆಗೆ ಹೋದರೂ ಕುಳಿತುಕೊಳ್ಳುವ ಮುನ್ನ ಅಲ್ಲಿನ ಹಜಾರವನ್ನು ಕಾಲಿನಲ್ಲಿ ಅಳೆಯುತ್ತಾರೆ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೋಡೆಯಿಂದ ಗೋಡೆಗೆ ನಡೆದು, ಕಾಫಿ ಕೈಗೆ ಬರುವಷ್ಟರಲ್ಲಿ ಆ ಹಜಾರದ ಉದ್ದಗಲವನ್ನೂ ಅದರ ಲೋಪದೋಷಗಳನ್ನೂ ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ. ಪರ್ತ್‌ನ ನಲವತ್ತು ಡಿಗ್ರಿ ಬಿಸಿಲಿನಲ್ಲೂ ಮೈಮೇಲೆ ಮೈಸೂರಿನ ದರ್ಜಿ ಹೊಲಿದ ಕಂದು ಕೋಟು. ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುವ ಈ ಕಾಲದಲ್ಲೂ ಅದರ ಜೇಬಿನಲ್ಲಿ ಎರಡು ಪೆನ್ಸಿಲು. ಅಭಿಪ್ರಾಯ ಕೇಳಿದವರಿಗೆ ಅವರ ಉತ್ತರ ಒಂದೇ: "ಚೆನ್ನಾಗಿದೆ. ಆದ್ರೆ ಸರಿಯಿಲ್ಲ." ಅವರಿರುವ ವಿಲೆಟನ್ ಬಡಾವಣೆಯ ಕನ್ನಡಿಗರು ಈ ಮಾತಿಗೆ ಒಳಗೊಳಗೇ ಉರಿದುಕೊಂಡರೂ, ಮನೆ ಕೊಳ್ಳುವ ಮೊದಲು ತಪ್ಪದೆ ಅವರನ್ನೇ ಕರೆದುಕೊಂಡು ಹೋಗುತ್ತಾರೆ.

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಕಡೆ ಶಾಖೆಗಳಿದ್ದ ಗೃಹನಿರ್ಮಾಣದ ಕಂಪನಿಯೊಂದರಲ್ಲಿ ಅವರು ನಕ್ಷೆ ಬರೆಯುತ್ತಿದ್ದರು. ೨೦೧೪ರಲ್ಲಿ ಕಂಪನಿ ಹೊಸ ಸಂಸಾರಿಗರಿಗೆಂದು ಹಲವು ಮಾದರಿಯ ಮನೆಗಳನ್ನು ಹೊರತಂದು, ಅವಕ್ಕೆಲ್ಲ ಹವಾಯಿ ಭಾಷೆಯ ಹೆಸರಿಟ್ಟಿತು. ಓಹಾನಾ ಎಂದರೆ ಕುಟುಂಬ, ನಲು ಎಂದರೆ ಅಲೆ, ಲನಾಯ್ ಎಂದರೆ ಜಗಲಿ. ಹೆಸರಿಲ್ಲದ ಮನೆಯನ್ನು ಮನೆಯೆಂದೇ ಒಪ್ಪದ ಬಾಲಸುಬ್ರಹ್ಮಣ್ಯರಿಗೆ ಇದು ನಾಮಕರಣದಷ್ಟೇ ಸಂಭ್ರಮ ತಂದಿತು. ಲೈಬ್ರರಿಯಿಂದ ಪುಸ್ತಕಗಳನ್ನು ಹೊತ್ತು ತಂದು, ಒಂದೊಂದು ಹೆಸರಿನ ಅರ್ಥವನ್ನೂ ಊಟದ ಹೊತ್ತಿನಲ್ಲಿ ಮಗಳು ಪ್ರಣತಿಗೆ ವಿವರಿಸುತ್ತಿದ್ದರು; ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಸಾಕು ಎನ್ನುತ್ತಿದ್ದಳು.

ಹಿತ್ತಿಲಲ್ಲಿ ಬಾರ್ಬಿಗೆಂದು, ಅಂದರೆ ಬಯಲಲ್ಲಿ ಮಾಂಸ ಸುಡಲೆಂದು, ದೊಡ್ಡ ಒಲೆಯಿದ್ದ ಹದಿನೇಳನೆಯ ಮಾದರಿಗೆ ಪೆಲೆ ಎಂದು ಹೆಸರಿಟ್ಟಿದ್ದರು. ಪೆಲೆ ಅಗ್ನಿಪರ್ವತದ ದೇವಿ, ಹವಾಯಿಯವರು ಇಂದಿಗೂ ಭಕ್ತಿಯಿಂದ ನೆನೆಯುವ ದೇವಿ ಎಂದು ಪುಸ್ತಕ ಹೇಳಿತು. ಒಂದು ಭಾನುವಾರ ಪರ್ತ್‌ನ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ ಕಂಪನಿಯ ಮಾದರಿ ಮನೆ ನೋಡಲು ಜನ ಸೇರಿದ್ದಾಗ, ಗಾಳಿಗೆ ಹಾರಿ ಅಂಗಳದ ತುಂಬ ಬಿದ್ದ ಕರಪತ್ರಗಳ ಮೇಲೆ, ದಪ್ಪಕ್ಷರದ ದೇವಿಯ ಹೆಸರಿನ ಮೇಲೆ, ಬೂಟಿನ ಗುರುತುಗಳಿದ್ದವು. ಬಾಲಸುಬ್ರಹ್ಮಣ್ಯ ಒಂದೊಂದನ್ನೇ ಆಯ್ದು, ಕಣ್ಣಿಗೊತ್ತಿಕೊಂಡು, ಕೋಟಿನ ಜೇಬಿಗೆ ಸೇರಿಸಿದರು. ಬಂದವರಲ್ಲಿ ಕೆಲವರು ಅವರನ್ನು ಕಸ ಗುಡಿಸುವವರೆಂದು ತಿಳಿದು ತಮ್ಮ ಖಾಲಿ ಲೋಟಗಳನ್ನೂ ಕೊಟ್ಟರು, ಅವನ್ನೂ ಇಸಕೊಂಡರು.

ಸೋಮವಾರ ಮ್ಯಾನೇಜರನ ಮುಂದೆ ನಿಂತು, ದೇವರ ಹೆಸರಿನ ಮನೆಗಳು ನಮ್ಮಲ್ಲೂ ಬೇಕಾದಷ್ಟಿವೆ, ಆದರೆ ಹೆಸರಿಟ್ಟವರು ಅಲ್ಲಿ ದಿನವೂ ದೀಪ ಹಚ್ಚುತ್ತಾರೆ ಎಂದು ವಿವರಿಸಿದರು. ಹೆಸರಿನ ಉಸಾಬರಿ ನಿನಗೆ ಬೇಡ ಎಂದ ಅವನು. ಹಾಗಾದರೆ ನಕ್ಷೆಯ ಮೇಲೆ ಹದಿನೇಳು ಎಂದಷ್ಟೇ ಬರೆಯುತ್ತೇನೆ, ಹೆಸರು ಬರೆಯುವುದಿಲ್ಲ ಎಂದರು ಇವರು. ಮ್ಯಾನೇಜರ್ ದನಿ ಏರಿಸಲಿಲ್ಲ. ನಿನ್ನ ಖಾಯಂ ವಾಸದ ಅರ್ಜಿಗೆ ಬೇಕಾದ ಪತ್ರ ಇನ್ನೂ ನನ್ನ ಸಹಿಗೆ ಕಾದಿದೆ ಎಂದು ನೆನಪಿಸಿದ. ಅವರ ವೀಸಾ ಮುಗಿಯಲು ನಾಲ್ಕು ತಿಂಗಳಿತ್ತು.

ಆ ಪತ್ರಕ್ಕಾಗಿ ನಾಲ್ಕು ವರ್ಷ ಕಾದಿದ್ದ ಹೆಂಡತಿ ವನಜಾ, ವಿಷಯ ಕೇಳಿ ಒಲೆ ಆರಿಸಿ ಬಂದು ಎದುರಿಗೆ ಕೂತರು.

"ನಮ್ ದೇವರಾಗಿದ್ರೆ ನಾನೂ ಸುಮ್ನಿರ್ತಿದ್ದೆ. ಸಮುದ್ರದಾಚೆ ಯಾವ್ದೋ ದೇವಿಗೋಸ್ಕರ ಮಗಳ ಸ್ಕೂಲ್ ಬಿಡಿಸ್ತೀರಾ?"

"ಆ ಆಫೀಸಲ್ಲಿ ಅವಳ ಪರವಾಗಿ ಮಾತಾಡೋಕೆ ಬೇರೆ ಯಾರಿದಾರೆ, ವನಜಾ?"

ವನಜಾ ಎದ್ದು ಹೋಗಿ ಬೀರುವಿನ ಮೇಲಿನ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಧರ್ಮಸೂಕ್ಷ್ಮ ಗಂಡನದಾದರೂ ಪೆಟ್ಟಿಗೆ ಕಟ್ಟಬೇಕಾದವರು ಅವರಲ್ಲವೇ? ಇತ್ತ ಬಾಲಸುಬ್ರಹ್ಮಣ್ಯ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ನಕ್ಷೆ ಬರೆದರು, ಪ್ರತಿಯೊಂದರ ಮೂಲೆಯಲ್ಲೂ ಹದಿನೇಳು ಎಂದಷ್ಟೇ ಗುರುತಿಸಿದರು. ಮೂರು ತಿಂಗಳು ಕಳೆದವು. ಸೋಫಾ ಮಾರಿಯಾಯಿತು. ಪ್ರಣತಿ ಗೆಳತಿಯರಿಗೆ ಪುಸ್ತಕಗಳನ್ನು ಹಂಚಿ ಬಂದು, ಅಪ್ಪನ ಜೊತೆ ಇಂಗ್ಲಿಷಿನಲ್ಲೂ ಮಾತಾಡಲಿಲ್ಲ. ಆ ಸಂಜೆ ಮಾತ್ರ ಬಾಲಸುಬ್ರಹ್ಮಣ್ಯ ಪೆನ್ಸಿಲು ಮುಟ್ಟಲಿಲ್ಲವೆಂದು ವನಜಾ ಆಮೇಲೆ ಹೇಳಿದ್ದಾರೆ.

ವೀಸಾಕ್ಕೆ ಎರಡು ವಾರ ಉಳಿದಿದ್ದಾಗ ಮ್ಯಾನೇಜರ್ ಕರೆಸಿ, ಸಹಿ ಮಾಡಿದ ಪತ್ರವನ್ನು ಮೇಜಿನ ಮೇಲೆ ತಳ್ಳಿದ. ಮೂರು ಊರಿನ ನಕ್ಷೆಗಳಲ್ಲಿ ಕಟ್ಟುವವರಿಂದ ಒಂದೂ ದೂರು ಬಾರದವು ಇವರವು ಮಾತ್ರ, ಇಂಥವನನ್ನು ಕಳಿಸಿ ತಾನೇನು ಮಾಡಲಿ ಎಂದು ಗೊಣಗಿದ. ಪರ್ತ್‌ನಲ್ಲಿ ಆ ಹೆಸರು ತೆಗೆಸಿದ್ದೇನೆ ಎಂದೂ ಹೇಳಿದ. ಬೇರೆ ಯಾರಾದರೂ ಅವನ ಕೈಕುಲುಕಿ ಮನೆಗೆ ಓಡುತ್ತಿದ್ದರು. ಇವರು ಪತ್ರವನ್ನು ನಿಂತಲ್ಲೇ ಪೂರ್ತಿ ಓದಿ, ಮಡಿಸಿ, ಬ್ರಿಸ್ಬೇನ್ ಮತ್ತು ಅಡಿಲೇಡ್‌ನ ಕಥೆಯೇನು ಎಂದು ಕೇಳಿದರು.

ತಮ್ಮ ದೇವರಿಗಾಗಿ ಬೀದಿಗಿಳಿಯುವವರಿಗೆ ಜಗತ್ತಿನಲ್ಲಿ ಬರವಿಲ್ಲ. ಎಂದೂ ಕಾಣದ ನಾಡಿನ, ತಾವು ಎಂದೂ ಪೂಜಿಸದ ದೇವಿಯೊಬ್ಬಳ ಮರ್ಯಾದೆಗಾಗಿ ತಮ್ಮ ನೆಲೆಯನ್ನೇ ಪಣಕ್ಕಿಡುವವರು ಎಲ್ಲೋ ಒಬ್ಬರು. ಅಂಥವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ, ಅದನ್ನು ವನಜಾ ಅವರಿಂದಲೇ ಕೇಳಬೇಕು. ಆದರೆ ಪರದೇಶದಲ್ಲಿ ನಮ್ಮ ದೇವರಗೂಡಿನ ಮುಂದೆ ಪರಕೀಯನೊಬ್ಬ ಚಪ್ಪಲಿ ಬಿಟ್ಟು ನಿಂತಾಗ, ಅವನ ಊರಿನಲ್ಲೂ ಒಬ್ಬ ಬಾಲಸುಬ್ರಹ್ಮಣ್ಯ ಇದ್ದಿರಬೇಕು ಎನ್ನಿಸಿ ಕಣ್ಣು ತುಂಬುತ್ತದೆ.