ಹಳೆಯ ಕಂಪ್ಯೂಟರ್ ಸಾಯಬೇಕಿದ್ದ ದಿನ

ಕನ್ನಡಕದ ಗಾಜು ಅರೆಯುವ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದ ಕಂಪ್ಯೂಟರೊಂದಿತ್ತು. ಯಾವ ಗಾಜನ್ನು ಎಷ್ಟು ಅರೆಯಬೇಕೆಂದು ಯಂತ್ರಕ್ಕೆ ಹೇಳುವುದು ಅದೇ. ಅದರ ಹಟ, ಮುನಿಸು, ಒಳಗುಟ್ಟು ಗೊತ್ತಿದ್ದದ್ದು ಒಬ್ಬಳಿಗೇ. ಎಲ್ಲರೂ ಅವಳನ್ನು ಯಂತ್ರದಕ್ಕ ಎನ್ನುತ್ತಿದ್ದರು. ಹೊಗಳಿಕೆಯೆಂದೇ ತಿಳಿದಿದ್ದಳು, ಪಾಪ. ಹಗ್ಗವೆಂದು ಗೊತ್ತಾಗುವಷ್ಟರಲ್ಲಿ ಕುತ್ತಿಗೆಗೆ ಬಿದ್ದಾಗಿತ್ತು.

ಅವಳು ಬರದಿದ್ದರೆ ಕಾರ್ಖಾನೆ ನಿಲ್ಲುತ್ತದೆ, ಹಾಗಾಗಿ ರಜೆಯಿಲ್ಲ. ಬಿಟ್ಟುಹೋಗೋಣವೆಂದರೆ ಈ ವಯಸ್ಸಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಹೋದ ಸಲ ಮಗಳ ಹೆರಿಗೆ ಕೆಟ್ಟು ಕೂಸು ಉಳಿಯದೆ ಹೋದಾಗ ಇವಳು ಇಲ್ಲಿ ಗಾಜು ಅರೆಯುತ್ತಿದ್ದಳು. ಆ ಸಂಕಟ ಎದೆಯಿಂದ ಇಳಿದೇ ಇರಲಿಲ್ಲ. ಈಗ ಮಗಳಿಗೆ ಮತ್ತೆ ದಿನ ತುಂಬುತ್ತಿತ್ತು.

ಹೊಸ ಕಂಪ್ಯೂಟರ್ ಬಂದರೆ ಯಾರು ಬೇಕಾದರೂ ನಡೆಸಬಹುದು. ಆದರೆ ಹಳೆಯ ಯಂತ್ರದ ವೈರು ಹೊಸದಕ್ಕೆ ಕೂಡುವುದಿಲ್ಲ, ಯಂತ್ರವನ್ನೂ ಬದಲಿಸಬೇಕು. ಯಜಮಾನರಿಗೆ ಅದೇ ಗಂಟಲ ಮುಳ್ಳು. ಹಾಗೆಂದು ಹಳೆಯದಕ್ಕೇ ವರ್ಷವರ್ಷವೂ ಬಿಡಿಭಾಗ ಹಾಕಿಸಿ ಹಾಕಿಸಿ ಮೂಗಿಗಿಂತ ಮೂಗುತಿ ಭಾರವಾಗಿತ್ತು.

"ಇವತ್ತು ಹೊಸ ಕಂಪ್ಯೂಟರ್ ಮಾರೋರು ಬರ್ತಾರೆ, ಅವರ ಮುಂದೇನೇ ಇದನ್ನ ಓಡಿಸಿ ನೋಡೋಣ," ಎಂದರು ಯಜಮಾನರು. "ಕೈಕೊಟ್ರೆ ಹೊಸದು. ನೀವೂ ಒಂದು ತಿಂಗಳು ಮಗಳ ಹತ್ರ ಇದ್ದು ಬನ್ನಿ. ಓಡಿದ್ರೆ ಮೆಮೊರಿ, ಡಿಸ್ಕು ಬದಲಾಯಿಸಿ ಇದನ್ನೇ ಇಟ್ಕೊಳ್ಳೋಣ."

ಅದು ಕೈಕೊಟ್ಟೇ ಕೊಡುತ್ತದೆಂದು ಅವಳಿಗೆ ಗೊತ್ತಿತ್ತು. ಮೋಸವೇನೂ ಮಾಡಬೇಕಿರಲಿಲ್ಲ, ಸುಮ್ಮನೆ ಕೈಕಟ್ಟಿ ಕೂತರೆ ಸಾಕಿತ್ತು.

ಮೂರನೆಯ ಗಾಜಿಗೆ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಮಾರಾಟದವನು ಗಡಿಯಾರ ನೋಡಿದ. ಯಜಮಾನರು ನಿಟ್ಟುಸಿರುಬಿಟ್ಟು, "ಆಯ್ತಪ್ಪ, ಇದರ ಋಣ ತೀರ್ತು," ಎಂದು ಪೆನ್ನು ತೆಗೆದರು. ಅವಳು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದಳು. ಮನಸ್ಸು ಆಗಲೇ ಬಸ್ಸು ಹತ್ತಿತ್ತು.

ಅಷ್ಟರಲ್ಲಿ ಅರೆಯುವ ಚಕ್ರದ ದನಿ ಬದಲಾಯಿತು. ಕಂಪ್ಯೂಟರ್ ನಿಂತರೂ ಚಕ್ರ ನಿಂತಿರಲಿಲ್ಲ. ಇನ್ನೆರಡು ಸುತ್ತು ತಿರುಗಿದರೆ ಗಾಜು ಸೀಳುತ್ತದೆ. ಇಷ್ಟು ವರ್ಷದಲ್ಲಿ ಆ ದನಿ ಕೇಳಿಯೂ ಒಂದು ಗಾಜನ್ನು ಒಡೆಯಲು ಬಿಟ್ಟವಳಲ್ಲ ಅವಳು. ಕೈ ಯಾರ ಅಪ್ಪಣೆಗೂ ಕಾಯಲಿಲ್ಲ. ಮೂರು ಕೀ ಒಟ್ಟಿಗೆ ಒತ್ತಿತು, ಹಿಂದಿನ ವೈರು ಎಳೆದು ಮತ್ತೆ ಸಿಕ್ಕಿಸಿತು, ಇನ್ನೊಂದು ಕೀ ತಟ್ಟಿತು. ಪರದೆಗೆ ಜೀವ ಬಂತು. ಗಾಜು ಒಂದು ಗೀರೂ ಇಲ್ಲದೆ ಹೊರಬಂತು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡೆನೆಂದು ಅವಳಿಗೆ ತಿಳಿದದ್ದು ಯಜಮಾನರು ನಕ್ಕಾಗ.

"ನೋಡಿದ್ರೇನ್ರೀ? ಇವರಿರೋವಾಗ ಹೊಸದ್ಯಾಕೆ?" ಎಂದು ಅವರು ಮಾರಾಟದವನಿಗೆ ಹೇಳಿದರು. "ಡಿಸ್ಕು ಹಾಕಿಕೊಡಿ, ಸಾಕು. ಇನ್ನೈದು ವರ್ಷ ಚಿಂತೆಯಿಲ್ಲ."

ಅವಳು ತಲೆಯಾಡಿಸಿದಳು.

ಊಟದ ಹೊತ್ತಿಗೆ, ಬೆಳಿಗ್ಗೆಯೇ ಸುದ್ದಿ ತಿಳಿದಿದ್ದ ಮಗಳ ಫೋನು ಬಂತು. "ಕೆಡ್ತೇನಮ್ಮಾ ಕಂಪ್ಯೂಟರು?"

"ಕೆಡ್ತು ಕಣೇ. ಆಮೇಲೆ ಸರಿಹೋಯ್ತು."

ಮಗಳು ಮೂಗೆಳೆದುಕೊಂಡದ್ದು ಕೇಳಿಸಿತು. "ಯಾವ ಪುಣ್ಯಾತ್ಮ ಸರಿಮಾಡಿದ್ನಮ್ಮ ಅದನ್ನ?"

"ಯಾರೋ," ಎಂದಳು ಯಂತ್ರದಕ್ಕ.