ಸುಣ್ಣದ ಗೆರೆಯ ಮನೆ

ಟೈಲರ್‌ನ ಮನೆಯಲ್ಲಿ ಇದ್ದದ್ದು ಎರಡು ಕೋಣೆ, ಏಳು ಜನ. ಏಳನೆಯವನು ಹೆಂಡತಿಯ ತಮ್ಮ. ಒಂದು ಕೋಟು ಹೊಲಿಸಿಕೊಂಡು ಎರಡು ದಿನದಲ್ಲಿ ಹೊರಡುತ್ತೇನೆಂದು ಬಂದವನು, ತೋಳು ಇನ್ನೂ ಸರಿಬರಲಿಲ್ಲ ಎನ್ನುತ್ತ ಮೂರು ವರ್ಷದಿಂದ ಅಲ್ಲೇ ಇದ್ದ. ಅವನ ಮಂಚ ಬಾಗಿಲ ಹಿಂದೆಯೇ ಇದ್ದುದರಿಂದ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮೈಕೈ ತುಂಬಿಕೊಂಡ ಗಿರಾಕಿಗಳು ಬೀದಿಯಲ್ಲೇ ನಿಂತು ಅಳತೆ ಕೊಡುತ್ತಿದ್ದರು. ಒಂದು ಕಡೆ ನಿಲ್ಲದ ಕಾರಣಕ್ಕೆ ಬುಗುರಿ ಎಂದು ಹೆಸರು ಪಡೆದ ಕೊನೆಯ ಮಗ ಹೊಲಿಗೆ ಮಿಶನ್ನಿನ ಮೇಜಿನ ಮೇಲೆ ಮಲಗುತ್ತಿದ್ದ. ಉಳಿದವರು ನೆಲದ ಮೇಲೆ ಸಾಲಾಗಿ ಮಲಗಿದರೆ, ಒಬ್ಬರು ಮಗ್ಗುಲು ಬದಲಿಸಿದಾಗ ಎಲ್ಲರೂ ಬದಲಿಸಬೇಕಿತ್ತು. ಯಾವಾಗ ಬದಲಿಸಬೇಕು ಎಂಬ ಅಪ್ಪಣೆ ಟೈಲರ್‌ನ ತಾಯಿಯದು.

ಈಗ ಹೆಂಡತಿಗೆ ಏಳು ತಿಂಗಳು.

"ರೀ, ಈ ಮಗು ಎಲ್ಲಿ ಮಲಗುತ್ತೆ?" ಎಂದು ಒಂದು ಬೆಳಿಗ್ಗೆ ಕೇಳಿದಳು.

ಟೈಲರ್ ಸುತ್ತ ನೋಡಿದ. ಇಸ್ತ್ರಿ ಮೇಜಿನ ಕೆಳಗೆ ಒಂದಿಷ್ಟು ಜಾಗ ಇದ್ದ ಹಾಗಿತ್ತು. ಬಗ್ಗಿ ನೋಡಿದರೆ ಅಲ್ಲಿ ನಡುವಿನ ಮಗಳು ಕೂತು ಪಾಠ ಓದುತ್ತಿದ್ದಳು.

"ಮೊದ್ಲು ಹುಟ್ಲಿ. ಎಷ್ಟು ಉದ್ದ ಬರುತ್ತೋ ನೋಡ್ಕೊಂಡು ಹೇಳೋಣ," ಎಂದ.

"ಮಗು ಅಂದ್ರೆ ಪ್ಯಾಂಟು ಅನ್ಕೊಂಡ್ರಾ?"

ಎರಡು ಬೀದಿ ಆಚೆ ಐದು ಕೋಣೆಯ ಮನೆಯೊಂದು ಖಾಲಿಯಾಗಿತ್ತು. ಅದರ ಒಡತಿ ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ರೈಲುಗಳ ವೇಳೆ ಕೂಗಿ ಹೇಳಿ ನಿವೃತ್ತಳಾದ ಹೆಂಗಸು. "ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಉತ್ತರ ಬರತಕ್ಕದ್ದು. ತಡವಾದಲ್ಲಿ ಮನೆ ಬೇರೆಯವರಿಗೆ ಹೊರಡುತ್ತದೆ," ಎಂದು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿದಳು.

ಹೆಂಡತಿಗೆ ಆ ಮನೆ ಬೇಕು. ತಾಯಿಗೆ ಬೇಡ. "ಅಷ್ಟು ದೊಡ್ಡ ಮನೇಲಿ ನಾನು ಸತ್ರೆ ನಿಮಗೆ ಮೂರನೇ ದಿನ ಗೊತ್ತಾಗುತ್ತೆ," ಎಂಬುದು ಅವಳ ವಾದ. ಮಕ್ಕಳದು ಗಳಿಗೆಗೊಂದು ಮಾತು. ಭಾವಮೈದುನ ಮಾತ್ರ ತಾನು ಹೇಗಿದ್ದರೂ ಹೊರಡುವವನು, ತನ್ನನ್ನು ಇದಕ್ಕೆಲ್ಲ ಎಳೆಯಬೇಡಿ ಎಂದ. ಟೈಲರ್ ಅತ್ತ ದರಿ ಇತ್ತ ಪುಲಿ ಎಂದು ಕೂತ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ಕಲಿತದ್ದು ಒಂದೇ: ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ತೊಡಿಸಿ ನೋಡದೆ ಕೊನೆಯ ಹೊಲಿಗೆ ಹಾಕಬಾರದು. ಬಟ್ಟೆಗೆ ಹೇಗೋ ಮನೆಗೂ ಹಾಗೇ ಎಂದುಕೊಂಡ ಮೇಲೆ ಅವನ ಮನಸ್ಸು ಹಗುರಾಯಿತು.

ಶುಕ್ರವಾರ ಕೊರಳಲ್ಲಿದ್ದ ಟೇಪು ಹಿಡಿದುಕೊಂಡೇ ಹೋಗಿ ಆ ಮನೆಯನ್ನು ಗೋಡೆ ಗೋಡೆಯಾಗಿ ಅಳೆದ. ಅವನ ಪುಸ್ತಕದಲ್ಲಿ ಬೇರೆ ಅಂಕಣಗಳಿಲ್ಲದ ಕಾರಣ ಹಜಾರವನ್ನು ಎದೆಯ ಕೆಳಗೆ, ಓಣಿಯಂತಿದ್ದ ದಾರಿಯನ್ನು ತೋಳಿನ ಕೆಳಗೆ, ಬಚ್ಚಲನ್ನು ಕಾಲರ್‌ನ ಕೆಳಗೆ ಬರೆದುಕೊಂಡ. ಒಡತಿ ಏನೂ ಕೇಳಲಿಲ್ಲ. ರೈಲು ನಿಲ್ದಾಣದಲ್ಲಿ ಇದಕ್ಕಿಂತ ವಿಚಿತ್ರವಾದವರನ್ನು ಆಕೆ ಕಂಡಿದ್ದಳು.

ಶನಿವಾರ ಬೆಳಿಗ್ಗೆ, ಹಿಂದೆ ಲಾರಿಗಳು ನಿಲ್ಲುತ್ತಿದ್ದ ಖಾಲಿ ಮೈದಾನಕ್ಕೆ ಎರಡು ಮೂಟೆ ಸುಣ್ಣದ ಪುಡಿ ತಂದ. ದೊಡ್ಡ ಮಗಳು ಟೇಪಿನ ತುದಿ ಹಿಡಿದಳು. ಒಂಬತ್ತು ಗಂಟೆಯ ಹೊತ್ತಿಗೆ ಐದು ಕೋಣೆಯ ಮನೆ ನೆಲದ ಮೇಲೆ ಬೆಳ್ಳಗೆ ಎದ್ದಿತು, ಒಂದಿಂಚೂ ಆಚೀಚೆ ಇಲ್ಲದೆ. ಬಾಗಿಲಿದ್ದ ಕಡೆ ಗೆರೆ ಬಿಟ್ಟು, ಬಾಗಿಲು ಯಾವ ಕಡೆಗೆ ತೆರೆಯುತ್ತದೆಂದು ಕಮಾನು ಹಾಕಿದ್ದ.

"ಎರಡು ದಿನ ಹಗಲೆಲ್ಲ ಇಲ್ಲೇ ಇರ್ತೀವಿ. ಆಮೇಲೆ ಸರಿಯೋ ತಪ್ಪೋ ಹೇಳಿ. ಆದ್ರೆ ಗೋಡೆ ಅಂದ್ರೆ ಗೋಡೆ. ದಾಟೋ ಹಾಗಿಲ್ಲ," ಎಂದ.

ಒಲೆ, ಪಾತ್ರೆ, ಕುರ್ಚಿ, ಚಾಪೆ ಎಲ್ಲ ಬಂದವು. ಮೊದಲ ತಪ್ಪು ಭಾವಮೈದುನನದೇ. ಚಹಾದ ವಾಸನೆ ಹಿಡಿದು ನೇರವಾಗಿ ಹಜಾರದಿಂದ ಅಡುಗೆಮನೆಗೆ ಗೋಡೆ ತೂರಿಕೊಂಡು ಬಂದ. ಟೈಲರ್ ಅವನನ್ನು ಮತ್ತೆ ಬೀದಿಗೆ ಕಳಿಸಿ, ಮುಂಬಾಗಿಲಿನಿಂದ ಒಳಗೆ ಕರೆದ. ಎರಡನೆಯ ಸಲ ಅವನು ಹೊಸ್ತಿಲಲ್ಲಿ ಎಡವಿದ. ಅಲ್ಲಿ ಹೊಸ್ತಿಲಿರಲಿಲ್ಲ.

"ಭಾವ, ಇದನ್ನ ಸ್ವಲ್ಪ ತಗ್ಗಿಸ್ಬೇಕು," ಎಂದ ಕಾಲು ಉಜ್ಜಿಕೊಳ್ಳುತ್ತ.

ಅಡುಗೆಮನೆಯಲ್ಲಿ ಹೆಂಡತಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. "ರೀ, ಉಸಿರು ಕಟ್ಟಿದ ಹಾಗಾಗುತ್ತೆ. ಕಿಟಕಿ ಎಲ್ಲಿ?"

ಕಿಟಕಿಗಳನ್ನು ಟೈಲರ್ ಮರೆತೇಬಿಟ್ಟಿದ್ದ. ಹಿಮ್ಮಡಿಯಿಂದ ಎರಡು ಅಡಿ ಗೆರೆ ಅಳಿಸಿದ. ಹೆಂಡತಿ ಆ ಕಡೆ ಮುಖ ಮಾಡಿ ನಿಂತು ಉದ್ದಕ್ಕೆ ಉಸಿರೆಳೆದುಕೊಂಡಳು. "ಈಗ ಜೀವ ಬಂತು," ಎಂದಳು. ಮೈದಾನದಲ್ಲಿ ಬೆಳಗಿನಿಂದ ಗಾಳಿ ಬೀಸುತ್ತಲೇ ಇತ್ತು.

ದೊಡ್ಡ ಮಗಳಿಗೆ ಹದಿನಾಲ್ಕು ವರ್ಷ. ಆರಡಿಗೆ ಒಂಬತ್ತಡಿಯ ಕೋಣೆ ತನ್ನದೆಂದು ಗೊತ್ತಾದ ಗಳಿಗೆಯಿಂದ ಅವಳು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಪುಸ್ತಕ ಹಿಡಿದು ಕೂತಳು. ಅಮ್ಮ ಮೂರಡಿ ದೂರದಿಂದ ಕೂಗಿದಳು. ಮಗಳು ತಲೆ ಎತ್ತಲಿಲ್ಲ.

"ಕಣ್ಣೆದುರಿಗೇ ಇದ್ದು ಕಿವಿ ಕೇಳ್ಸಲ್ವಾ?"

"ಬಾಗಿಲು ತಟ್ಟಿ," ಎಂದಳು ಮಗಳು.

ಅಮ್ಮ ಏನು ತಟ್ಟುವುದೆಂದು ತಿಳಿಯದೆ ಕೈಯಲ್ಲಿದ್ದ ತಟ್ಟೆಯನ್ನೇ ತಟ್ಟಿದಳು. ಮಗಳು ಎದ್ದು ಬಂದಳು.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಪ್ಯಾಂಟಿನ ಗಿರಾಕಿಯೊಬ್ಬ, ದೊಡ್ಡ ಹೊಟ್ಟೆಯವನು, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಟೈಲರ್‌ನ ಮನೆಯ ಒಳಗೆ ಬಂದು ಅಳತೆ ಕೊಟ್ಟ. ಹಜಾರ ಚೆನ್ನಾಗಿದೆ, ಆದರೆ ಬಚ್ಚಲು ಎದುರಿಗೇ ಬಂದಿದೆ ಎಂದು ಹೇಳಿ, ಬಚ್ಚಲಲ್ಲಿ ಯಾರಾದರೂ ಇದ್ದಾರೋ ಏನೋ ಎಂದು ಮುಖ ತಿರುಗಿಸಿಕೊಂಡೇ ಕೂತ. ಅಂಚೆಯವನು ಮನೆಯ ಸುತ್ತ ಎರಡು ಸುತ್ತು ಹಾಕಿ, ಮುಂಬಾಗಿಲು ಸಿಕ್ಕ ಮೇಲೆಯೇ ಕಾಗದ ಕೊಟ್ಟ.

ಮೂರು ಗಂಟೆಗೆ ಸೈಕಲ್ ಮೇಲೆ ಬಂದವನು ಕಟ್ಟಡಗಳ ಇನ್ಸ್‌ಪೆಕ್ಟರ್. ಬಡಕಲು ಮೈಯ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ.

"ಯಾರನ್ನ ಕೇಳಿ ಕಟ್ತಾ ಇದ್ದೀರಿ?"

"ಸಾರ್, ಇದು ಬರೀ ಗೆರೆ," ಎಂದ ಟೈಲರ್.

"ಎಲ್ಲ ಮನೇನೂ ಮೊದಲು ಗೆರೇನೇ. ಗೆರೇಲೇ ಹಿಡೀದೇ ಇದ್ರೆ ಆಮೇಲೆ ನಮಗೆ ಸಿಗಲ್ಲ." ಅವನು ತನ್ನ ಟೇಪು ತೆಗೆದು ಹಿಂದಿನ ಗೋಡೆ ಅಳೆದ. "ಪಕ್ಕದ ಬೇಲಿಗೆ ಎರಡೂಕಾಲು ಅಡಿ ಇದೆ. ಮೂರಡಿ ಬಿಡ್ಬೇಕು. ಗೋಡೆ ಒಡೀರಿ."

ಟೈಲರ್ ಪೊರಕೆ ತಂದು ಗೋಡೆ ಗುಡಿಸಿ, ಮುಕ್ಕಾಲು ಅಡಿ ಒಳಗೆ ಮತ್ತೊಂದು ಎಳೆದ. ಇನ್ಸ್‌ಪೆಕ್ಟರು ಧೂಳು ಇಳಿಯುವವರೆಗೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಒಂದೊಂದೇ ಕೋಣೆ ನೋಡುತ್ತ ಮೂಲೆಯ ಕೋಣೆಗೆ ಬಂದ. "ಇದು ಯಾರದು?"

"ಇನ್ನೂ ಯಾರದೂ ಅಲ್ಲ ಸಾರ್."

"ಹೌದಾ," ಎಂದು ಅವನು ಒಳಗೆ ಹೋದ. "ನಮ್ಮನೇಲಿ ಒಂದೂವರೆ ಕೋಣೆ, ಎಂಟು ಜನ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಆಮೇಲೆ ಕೈ ಚಾಚಿ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಕಣ್ಣು ಮುಚ್ಚಿದ. ಟೈಲರ್ ಮಕ್ಕಳಿಗೆ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ. ಎಂದೂ ನಿಲ್ಲದ ಬುಗುರಿ ಕೂಡ ತುದಿಗಾಲಲ್ಲಿ ನಡೆದ. ಅರ್ಧ ಗಂಟೆಯ ಮೇಲೆ ಇನ್ಸ್‌ಪೆಕ್ಟರು ಎದ್ದು, ಬಟ್ಟೆ ಕೊಡವಿಕೊಂಡು, ತನ್ನ ಪುಸ್ತಕದಲ್ಲಿ "ಗಾಳಿ ಬೆಳಕು ಸಾಕಷ್ಟಿದೆ" ಎಂದು ಬರೆದು ಸೈಕಲ್ ಹತ್ತಿದ.

ಇಷ್ಟರವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಹೆಂಡತಿ ಗಂಡನನ್ನು ತಮ್ಮ ಕೋಣೆಗೆ ಕರೆದಳು. ಮನೆ ಬೇಕು ಎಂದು ಕುಣಿದವಳು ಅವಳೇ, ಈಗ ಅವಳ ಮುಖ ಸಪ್ಪಗಿತ್ತು.

"ಅಡುಗೆಮನೆ ತುಂಬ ದೂರ ಆಯ್ತು ಕಣ್ರೀ. ಹಜಾರದಲ್ಲಿ ನೀವು, ಅತ್ತೆ ಏನು ಮಾತಾಡ್ತೀರ ಅಂತ ಕೇಳ್ಸಲ್ಲ."

"ಬೆಳಿಗ್ಗೆಯಿಂದ ಎಲ್ಲಾ ಕೇಳ್ತಾ ಇದೆಯಲ್ಲ. ನಾನು ನಿನ್ನ ಚಹಾ ನೀರುನೀರಾಗಿದೆ ಅಂದಿದ್ದಕ್ಕೆ ಅಲ್ಲಿಂದಲೇ ಉತ್ತರ ಕೊಟ್ಟೆ."

"ಅದು ಗೋಡೆ ಇಲ್ದೇ ಇದ್ದಿದ್ದಕ್ಕೆ. ಇದ್ದಿದ್ರೆ ನೀವು ಅಂದಿದ್ದು ನನಗೆ ಗೊತ್ತೇ ಆಗ್ತಿರಲಿಲ್ಲ. ನನಗೆ ಗೊತ್ತಾಗದ ಹಾಗೆ ಇನ್ನು ಎಷ್ಟು ದಿನ ಅಂತಿದ್ರೋ."

ಟೈಲರ್ ಬಾಯಿ ತೆರೆಯುವಷ್ಟರಲ್ಲಿ ತಾಯಿ ಬಾಗಿಲಿಗೆ ಬಂದು, "ಮಗ, ನನ್ನ ಕನ್ನಡಕ ನೋಡಿದ್ಯಾ?" ಎಂದಳು.

"ಒಂದ್ನಿಮಿಷ ಅಮ್ಮ," ಎಂದ ಅವನು, ತಿರುಗಿ ಕೂಡ ನೋಡದೆ, ಕೈ ಚಾಚಿ ಬಾಗಿಲು ಹಾಕಿದ.

ತಾಯಿ ಹಾಗೇ ನಿಂತಳು. ಅವಳಿಗೂ ಮಗನಿಗೂ ನಡುವೆ ಒಂದು ಮೊಳ ಗಾಳಿ. ಆಮೇಲೆ ಹಿಂದಕ್ಕೆ ತಿರುಗಿ, ಓಣಿಯಲ್ಲಿ ನಡೆದು, ಮುಂಬಾಗಿಲಿನಿಂದ ಸರಿಯಾಗಿ ಹೊರಬಿದ್ದು, ಹಳೆಯ ಮನೆಯ ಕಡೆಗೆ ಹೋದಳು.

ಟೈಲರ್ ಹಿಂದೆಯೇ ಓಡಿದ. ಅವಳು ಮಿಶನ್ನಿನ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಅವನು ಎದುರಿಗೆ ಕೂತ.

"ಅಮ್ಮ, ಅಲ್ಲಿ ಬಾಗಿಲೇ ಇರಲಿಲ್ಲ," ಎಂದ.

"ಅದೇ ನಾನೂ ಹೇಳೋದು. ಇಲ್ಲದ ಬಾಗಿಲನ್ನೇ ನನ್ನ ಮುಖಕ್ಕೆ ಹಾಕಿದೆ. ಇರೋ ಬಾಗಿಲು ಕೈಗೆ ಸಿಕ್ರೆ ಏನು ಮಾಡ್ತೀಯೋ?"

ಈ ಎರಡು ಕೋಣೆಯ ಮನೆಯಲ್ಲಿ ಒಳಬಾಗಿಲೆಂಬುದೇ ಇರಲಿಲ್ಲ. ಹುಟ್ಟಿದಾಗಿನಿಂದ ನಲವತ್ತನಾಲ್ಕು ವರ್ಷ ಅವನು ಯಾರ ಎದುರಿಗೂ ಬಾಗಿಲು ಹಾಕಿದವನಲ್ಲ. ಇವತ್ತು ಕೈ ತಾನಾಗಿ ಚಾಚಿತ್ತು. ಅಷ್ಟೇ ಅಲ್ಲ, ಇನ್ನೊಂದು ಸಂಗತಿ ಇತ್ತು. ಅದನ್ನು ಹೇಳದೆ ಎದ್ದು ಹೋದರೆ ತಾಯಿಗೆ ಎರಡನೆಯ ಬಾಗಿಲು ಹಾಕಿದಂತೆ ಎಂದು ಅವನಿಗೆ ಅನಿಸಿತು.

"ಹಾಕಿದಾಗ ಹಿತವಾಯ್ತಮ್ಮ," ಎಂದ ತಲೆ ತಗ್ಗಿಸಿ. "ನೀನು ಅಂತಲ್ಲ. ಯಾರೇ ಬಂದಿದ್ರೂ. ಆ ಒಂದು ನಿಮಿಷ ಹಿತವಾಯ್ತು."

ಬೈಗುಳಕ್ಕೆ ಕಾದು ಕೂತ. ತಾಯಿ ಅವನ ಮುಖವನ್ನೇ ನೋಡುತ್ತಿದ್ದಳು.

"ಅಷ್ಟು ಹಿತವಾಗಿತ್ತಾ?"

"ಹೂಂ."

"ಬಾಗಿಲು ಹಾಕಿದ ಸದ್ದು ಇಲ್ದೇ ಇದ್ರೂ?"

"ಇಲ್ದೇ ಇದ್ರೂ."

ಅವಳು ಕಾಲು ಮಡಚಿಕೊಂಡು ಹತ್ತಿರ ಸರಿದಳು. "ನಾನು ಹದಿನೆಂಟನೇ ವಯಸ್ಸಿಗೆ ಈ ಮನೆಗೆ ಬಂದೆ. ಮೊದಲು ನನ್ನ ಅತ್ತೆ, ಮಾವ. ಆಮೇಲೆ ನೀನು. ನಿನ್ನ ಅಪ್ಪನ ಕೆಮ್ಮು. ಆಮೇಲೆ ನಿನ್ನ ಹೆಂಡ್ತಿ, ಮಕ್ಕಳು, ಆ ಕೋಟಿನವನು. ಯಾರ ಮೇಲಾದ್ರೂ ಸಿಟ್ಟು ಬಂದ್ರೆ ಸಿಟ್ಟು ಮಾಡ್ಕೊಳ್ಳೋಕೆ ಒಂದು ಮೂಲೆ ಇಲ್ಲ. ಅತ್ರೆ ಆರು ಜನ ಯಾಕೆ ಅಂತ ಕೇಳ್ತೀರಿ. ನಾನು ಮನೆ ಬೇಡ ಅಂದಿದ್ದು ಯಾಕೆ ಗೊತ್ತಾ? ಕೋಣೆ ನಿಮಗೆ ಸಿಗುತ್ತೆ, ನನ್ನನ್ನ ಹಜಾರದಲ್ಲಿ ಮಲಗಿಸ್ತೀರಿ ಅಂತ. ಮುದುಕಿಗೆ ಬಾಗಿಲು ಯಾಕೆ ಅಂತೀರಿ."

ನಿಜ ಹೇಳಬೇಕೆಂದರೆ ಟೈಲರ್‌ನ ಲೆಕ್ಕದಲ್ಲಿ ತಾಯಿಯ ಚಾಪೆ ಹಜಾರದಲ್ಲೇ ಇತ್ತು.

"ಆ ಮೂಲೆಯ ಕೋಣೆ ನಿನಗೆ," ಎಂದ.

"ಚಿಲಕ ಒಳಗಡೆ ಇರ್ಬೇಕು. ಹೊರಗಡೆ ಬೇಡ."

"ಒಳಗಡೆನೇ."

"ಹಾಗಾದ್ರೆ ಆ ರೈಲಮ್ಮನಿಗೆ ಹೂಂ ಅಂತ ಹೇಳು," ಎಂದು ಅವಳು ಎದ್ದಳು. ಕನ್ನಡಕ ಅವಳ ತಲೆಯ ಮೇಲೆಯೇ ಇತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಇನ್ನು ಹೆಂಡತಿಯನ್ನು ಒಪ್ಪಿಸಬೇಕಿತ್ತು. ಅಡುಗೆಮನೆ ಹಾಗೂ ಹಜಾರದ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ತೆಗೆಸುತ್ತೇನೆಂದು ಟೈಲರ್ ಮಾತು ಕೊಟ್ಟ. "ಪಾತ್ರೆ ದಾಟಿಸೋಕೆ," ಎಂದ. "ಹೌದು, ಪಾತ್ರೆಗೆ," ಎಂದಳು ಅವಳು, ಕಿವಿಯ ಎತ್ತರಕ್ಕೆ ಕೈ ಹಿಡಿದು ತೋರಿಸುತ್ತ.

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಟೈಲರ್ ಒಡತಿಯ ಮುಂದೆ ನಿಂತು ಆಗಲಿ ಎಂದ. ಆಕೆ ಗಡಿಯಾರ ನೋಡಿ, "ಉತ್ತರ ನಿಗದಿತ ಸಮಯಕ್ಕೆ ಬಂದಿದೆ," ಎಂದಳು. ಕಿಂಡಿಯ ವಿಷಯ ಕೇಳಿ ಸ್ವಲ್ಪ ಯೋಚಿಸಿ, ತನ್ನ ಅತ್ತೆ ಬದುಕಿದ್ದಾಗ ಅದು ತನಗೇಕೆ ಹೊಳೆಯಲಿಲ್ಲವೋ ಎನ್ನುತ್ತ ಒಪ್ಪಿಕೊಂಡಳು. ವಾಪಸು ಬರುವಾಗ ಟೈಲರ್ ಮೈದಾನದ ದಾರಿ ಹಿಡಿದ. ಮೂಲೆಯ ಕೋಣೆಯಲ್ಲಿ ಇನ್ಸ್‌ಪೆಕ್ಟರು ಕಚೇರಿಯ ಕಾಗದಪತ್ರ ಹರಡಿಕೊಂಡು ಕೂತಿದ್ದ. ಬಾಗಿಲು ಹಾಕಿತ್ತು. ಟೈಲರ್ ಮಾತಾಡಿಸದೆ ಮುಂದೆ ನಡೆದ.

ಗುರುವಾರ ಸಾಮಾನು ಸಾಗಿತು. ಭಾವಮೈದುನ ಮಂಚದ ಮೇಲೆ ಮಲಗಿದ್ದಂತೆಯೇ ಮಂಚದ ಜೊತೆ ಬಂದ. ಎಲ್ಲ ಇಳಿಸುವುದಕ್ಕೂ ಮೊದಲು ಟೈಲರ್ ಮೂಲೆಯ ಕೋಣೆಗೆ ಹಿತ್ತಾಳೆಯ ಚಿಲಕ ಬಡಿದ. ತಾಯಿ ಪಕ್ಕದಲ್ಲೇ ನಿಂತು, ಎರಡು ಸಲ ಎಳೆದು ನೋಡಿ, ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿಸಿತು.

ಒಂದು ಗಂಟೆ ಆಯಿತು. ಎರಡು ಆಯಿತು. ಮಕ್ಕಳು ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಏನೂ ಇಲ್ಲ, ಅಳುವೂ ಇಲ್ಲ, ಗೊರಕೆಯೂ ಇಲ್ಲ. ಊಟದ ಹೊತ್ತಿಗೆ ಹೆಂಡತಿ ಗಂಡನನ್ನು ಕಳಿಸಿದಳು. ಟೈಲರ್ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ.

"ಯಾರು?" ಎಂದಳು ತಾಯಿ ಒಳಗಿನಿಂದ.

"ನಾನು."

"ನಾನು ಅಂದ್ರೆ?"

ನಲವತ್ತನಾಲ್ಕು ವರ್ಷದಲ್ಲಿ ಅವಳು ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ನಿನ್ನ ಮಗ," ಎಂದ, ಸ್ವಲ್ಪ ನಾಚಿಕೊಂಡು. "ಊಟಕ್ಕೆ ಬಾ ಅಮ್ಮ."

ಒಳಗೆ ಯಾರೋ ಆರಾಮಾಗಿ ಮಗ್ಗುಲು ಬದಲಿಸಿದ ಸದ್ದಾಯಿತು.

"ಒಂದ್ನಿಮಿಷ ಮಗ," ಎಂದಳು. "ಈಗ ತಾನೆ ಕೂತಿದ್ದೀನಿ. ನೀವು ಶುರು ಮಾಡಿ."

ಟೈಲರ್ ಅಡುಗೆಮನೆಗೆ ಹೋಗಿ ತಾಯಿಯ ಪಾಲಿನ ಅಡುಗೆಯನ್ನು ಒಂದು ತಟ್ಟೆಗೆ ತೆಗೆದು ಮುಚ್ಚಿಟ್ಟ. ಆಮೇಲೆ ಉಳಿದ ಐವರ ಜೊತೆ ಊಟಕ್ಕೆ ಕೂತ.